ಕೀಲಿ ಕೊಟ್ಟ ಕೈ

ಒಂಬತ್ತನೆಯ ಕಂತು

"ರಕ್ತದ ಮೇಲೆ ಗ್ರೀಸು ಕೂತಿದೆ," ಎಂದರು ಇನ್ಸ್‌ಪೆಕ್ಟರ್, ಕೈಯಲ್ಲಿದ್ದ ಯಂತ್ರದ ಹ್ಯಾಂಡಲನ್ನು ತಿರುಗಿಸಿ ನೋಡುತ್ತ. "ಗ್ರೀಸಿನ ಮೇಲೆ ರಕ್ತ ಅಲ್ಲ. ಸರಿಯಾಗಿ ನೋಡು."

ದಫೇದಾರ ನೋಡುವ ಸ್ಥಿತಿಯಲ್ಲಿರಲಿಲ್ಲ. ದೀಪಸ್ತಂಭದ ನೂರ ಎಂಬತ್ತೆರಡು ಮೆಟ್ಟಿಲು ಅವನ ಉಸಿರನ್ನೆಲ್ಲ ಕಿತ್ತುಕೊಂಡಿದ್ದವು. ಎರಡೂ ಕೈಯನ್ನು ಮೊಣಕಾಲಿಗೆ ಊರಿ ಬಗ್ಗಿ ನಿಂತಿದ್ದ.

"ಯಾವುದರ ಮೇಲೆ ಯಾವುದು ಕೂತಿದ್ರೂ ಸರಿ ಸಾರ್. ನಾನು ಮೊದಲು ಕೂತ್ಕೋತೀನಿ."

ಕೂರಲು ಹೋದವನು ಮೇಜಿನ ಮೇಲಿದ್ದ ಗಾಜಿನ ಬಟ್ಟಲನ್ನು ಕಂಡು ಹಿಂದೆ ಸರಿದ. ನೀರಿನೊಳಗಿಂದ ಎರಡು ಸಾಲು ಹಲ್ಲು ಅವನನ್ನು ನೋಡಿ ನಗುತ್ತಿದ್ದವು.

"ಸತ್ತವರದು," ಎಂದರು ಇನ್ಸ್‌ಪೆಕ್ಟರ್. "ದಿನಾ ಸಂಜೆ ಆರಕ್ಕೆ ಯಂತ್ರಕ್ಕೆ ಕೀಲಿ ಕೊಟ್ಟು, ಹಲ್ಲಿನ ಸೆಟ್ಟು ಬಟ್ಟಲಿಗೆ ಹಾಕ್ತಿದ್ರಂತೆ. ಬೆಳಗಾಗೋವರೆಗೆ ಹಾಲಲ್ಲಿ ನೆನೆಸಿದ ಬ್ರೆಡ್ಡೇ ಗತಿ."

"ಬೊಚ್ಚು ಬಾಯಿಯವರನ್ನ ಹೊಡೆದು ಸಾಯಿಸೋಕೆ ಎಂಥಾ ಮನಸ್ಸು ಬೇಕು ಸಾರ್."

ಇನ್ಸ್‌ಪೆಕ್ಟರ್ ಹ್ಯಾಂಡಲನ್ನು ಬೆಳಕಿಗೆ ಹಿಡಿದರು. ಠಾಣೆಯಲ್ಲಿ ಬೆನ್ನ ಹಿಂದೆ ಅವರನ್ನು 'ಕಿವಿ ಸಾಹೇಬರು' ಎನ್ನುತ್ತಿದ್ದರು. ಅಜ್ಜನ ಕಾಲ ಬಳಿ ಕೂತು ಪದ್ಯ ಕೇಳುತ್ತ ಬೆಳೆದವರು. ಓದುವವನು ಸಾಲು ಮರೆತಾಗ ರಾಗ ಎಳೆಯುತ್ತಾನೆ, ಅಷ್ಟರಲ್ಲಿ ಸಾಲು ಹುಡುಕಿಕೊಳ್ಳುತ್ತಾನೆ ಎಂಬುದನ್ನು ಏಳನೇ ವಯಸ್ಸಿಗೇ ಕಂಡುಕೊಂಡಿದ್ದರು. ಇಷ್ಟು ವರ್ಷದ ಪೋಲೀಸು ಕೆಲಸದಲ್ಲಿ ಅದಕ್ಕಿಂತ ಹೆಚ್ಚಿನದೇನನ್ನೂ ಕಲಿಯಲಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದುಂಟು.

ಇವತ್ತು ಬೆಳಿಗ್ಗೆ ಆರೂವರೆಗೆ ಇದೇ ಯಂತ್ರದ ಕೋಣೆಯಲ್ಲಿ ಹಿರಿಯ ದೀಪಗಾರ ತಲೆಯೊಡೆದು ಬಿದ್ದಿದ್ದ. ಅವನನ್ನು ತೊಡೆಯ ಮೇಲೆ ಹಾಕಿಕೊಂಡು, ಮೈಯೆಲ್ಲ ರಕ್ತವಾಗಿ ಕೂತಿದ್ದವನು ಅವನ ಮಗಳ ಗಂಡ, ಗೋಪುರದ ಹೊರಗೋಡೆಗೆ ಸುಣ್ಣ ಬಳಿಯುವವನು. ಮೊದಲು ಬಂದ ದೋಣಿಯವರು ಅವನ ಎರಡು ಪಕ್ಕೆಲುಬು ಮುರಿದು, ಒಂದು ಕಣ್ಣು ಮುಚ್ಚಿಸಿದ ಮೇಲೇ ಪೋಲೀಸರಿಗೆ ಕೊಟ್ಟದ್ದು. ಈಗ ಗೋಪುರದ ಬುಡದ ಎಣ್ಣೆ ಕೋಣೆಯಲ್ಲಿ ಅವನು, ಹೊರಗೆ ಬೀಗ.

ಆ ಬೀಗಕ್ಕೆ ಆಯುಸ್ಸು ಇನ್ನು ಒಂದು ಗಂಟೆ. ಕಡಲು ಹಿಂದೆ ಸರಿದರೆ ಊರಿಗೂ ಈ ಬಂಡೆಗೂ ನಡುವಿನ ಮರಳ ದಾರಿ ತೆರೆದುಕೊಳ್ಳುತ್ತದೆ. ಆಚೆ ದಡದಲ್ಲಿ ಹುಟ್ಟು, ಕೊಕ್ಕೆ, ಮೀನು ಕತ್ತರಿಸುವ ಕತ್ತಿ ಹಿಡಿದು ಇನ್ನೂರು ಜನ, ದೋಣಿಗಳನ್ನು ಪೋಲೀಸರು ವಶಕ್ಕೆ ತೆಗೆದುಕೊಂಡದ್ದರಿಂದ, ನೀರು ಇಳಿಯುವುದನ್ನೇ ಕಾಯುತ್ತಿದ್ದರು. ಸತ್ತವನನ್ನು ಅವರು 'ದೀಪದಪ್ಪ' ಎನ್ನುತ್ತಿದ್ದರು. ಆ ದೀಪ ನೋಡಿ ಮನೆ ಸೇರಿದ ಜೀವ ಪ್ರತಿ ಮನೆಯಲ್ಲೂ ಒಂದಾದರೂ ಇತ್ತು. ಹೆಣವನ್ನೂ ಡಾಕ್ಟರನ್ನೂ ಹೊತ್ತು ಹೋದ ಪೋಲೀಸ್ ಲಾಂಚ್ ಸಂಜೆ ಐದಕ್ಕೆ ಮೊದಲು ಬಾರದು. ದಾರಿಯ ತುದಿಯಲ್ಲಿ ಒಬ್ಬ ಪೇದೆ, ಒಂದು ಬಂದೂಕು. ಅಷ್ಟೇ.

"ಡಾಕ್ಟರ್ ಹೇಳಿದ್ದು ಇನ್ನೊಂದ್ಸಲ ಹೇಳು," ಎಂದರು ಇನ್ಸ್‌ಪೆಕ್ಟರ್.

"ಐದು ಏಟು. ಮೂರು ಅಡ್ಡಾದಿಡ್ಡಿ, ಭುಜಕ್ಕೆ, ಕಿವಿಗೆ, ಕೆನ್ನೆಗೆ. ಇನ್ನೆರಡು ಮಾತ್ರ ನೆತ್ತಿ ಮೇಲೆ, ಒಂದೇ ಜಾಗಕ್ಕೆ. ಪ್ರಾಣ ಹೋದದ್ದು ನಿನ್ನೆ ಸಂಜೆ ಎಂಟರೊಳಗೆ."

"ಒಂದ್ಸಲ ಕೀಲಿ ಕೊಟ್ರೆ ಈ ಯಂತ್ರ ಎಷ್ಟು ಹೊತ್ತು ನಡೆಯುತ್ತೆ?"

ದಫೇದಾರ ಯಂತ್ರವನ್ನು ನೋಡಿದ. ಹಿತ್ತಾಳೆಯ ಗಾಲಿಗಳ ಗೂಡು. ಅದರಿಂದ ಇಳಿದ ಉಕ್ಕಿನ ಹಗ್ಗಕ್ಕೆ ಆಳೆತ್ತರದ ಕಬ್ಬಿಣದ ಗುಂಡು ಕಟ್ಟಿತ್ತು. ಆ ಗುಂಡು ಗೋಪುರದ ನಡುವಿನ ಕೊಳವೆಯಲ್ಲಿ ಇಂಚಿಂಚಾಗಿ ಇಳಿಯುತ್ತ ರಾತ್ರಿ ದೀಪದ ಗಾಜನ್ನು ತಿರುಗಿಸುತ್ತದೆ, ಮಂಜು ಕವಿದಾಗ ಹೊರಗಿನ ಗಂಟೆಯನ್ನು ಬಡಿಯುತ್ತದೆ. ಬುಡ ಮುಟ್ಟಿದರೆ ಮತ್ತೆ ಹ್ಯಾಂಡಲ್ ಹಾಕಿ ನೂರ ಇಪ್ಪತ್ತು ಸುತ್ತು ತಿರುಗಿಸಿ ಮೇಲಕ್ಕೆತ್ತಬೇಕು.

"ನಾಲ್ಕು ಗಂಟೆ ಅಂತ ಬೋರ್ಡಲ್ಲೇ ಬರ್ದಿದೆ."

"ಆರಕ್ಕೆ ಕೊಟ್ಟದ್ದು ಹತ್ತಕ್ಕೆ ಮುಗೀತು. ಹತ್ತಕ್ಕೆ ದೀಪ ನಿಂತಿತಾ?"

"ಇಲ್ಲ ಸಾರ್. ಬಂದರಿನ ಕಾವಲಿನವರು ಗಂಟೆಗೊಂದ್ಸಲ ಬರೆದಿಟ್ಟಿದ್ದಾರೆ. ಬೆಳಗಿನವರೆಗೂ 'ದೀಪ ಸರಿ, ದೀಪ ಸರಿ', ಜಪ ಮಾಡಿದ ಹಾಗೆ."

"ಎಂಟರೊಳಗೆ ಸತ್ತವರು ಹತ್ತಕ್ಕೆ, ಮತ್ತೆ ಎರಡಕ್ಕೆ ಎದ್ದು ಕೀಲಿ ಕೊಟ್ರಾ?"

ದಫೇದಾರನ ಕಣ್ಣು ತಾನಾಗಿ ನೆಲದ ಕಲೆಯ ಕಡೆ ಹೋಯಿತು. ಯಂತ್ರಕ್ಕೂ ಅದಕ್ಕೂ ನಡುವೆ ಎರಡು ಹೆಜ್ಜೆ.

"ಯಾರೋ ಹೆಣ ದಾಟ್ಕೊಂಡು ಬಂದು ಕೀಲಿ ಕೊಟ್ಟಿದ್ದಾರೆ," ಎಂದರು ಇನ್ಸ್‌ಪೆಕ್ಟರ್. "ಹೊಡೆದ ಹ್ಯಾಂಡಲ್‌ನಿಂದಲೇ. ರಕ್ತ ಒಣಗಿದ ಮೇಲೆ ಅದನ್ನ ಯಂತ್ರಕ್ಕೆ ಹಾಕಿದ್ದಕ್ಕೇ ಮೇಲೆ ಗ್ರೀಸು ಮೆತ್ತಿದೆ. ಬೆಳಿಗ್ಗೆ ಹೋಗುವಾಗ ಮೇಲಿನ ಗಾಜಿಗೆ ಪರದೆ ಎಳೆದು ಹೋಗಿದ್ದಾರೆ. ಬಿಸಿಲು ಆ ಗಾಜಲ್ಲಿ ಹಾದ್ರೆ ಬೆಂಕಿ ಹತ್ತುತ್ತೆ ಅನ್ನೋದು ಸುಣ್ಣದವನಿಗೆ ಹೇಗೆ ಗೊತ್ತಿರುತ್ತೆ?"

"ಹಾಗಾದ್ರೆ ಉಳಿದದ್ದು ಕಿರಿಯ ದೀಪಗಾರರು ಒಬ್ಬರೇ. ಆದ್ರೆ ಸಾರ್, ಅವರ ಬಲಗೈ ಸುಟ್ಟಿದೆ. ಇಷ್ಟು ದಪ್ಪ ಬಟ್ಟೆ ಸುತ್ತಿದ್ದಾರೆ. ನೂರ ಇಪ್ಪತ್ತು ಸುತ್ತು ಹೆಂಗೆ?"

ಇನ್ಸ್‌ಪೆಕ್ಟರ್ ಹ್ಯಾಂಡಲಿನಿಂದ ರಕ್ತವೂ ಗ್ರೀಸೂ ಸೇರಿದ ಒಂದು ಪದರವನ್ನು ಕಾಗದಕ್ಕೆ ಕೆರೆದು ಮಡಚಿ ಜೇಬಿಗೆ ಹಾಕಿಕೊಂಡರು. ಹ್ಯಾಂಡಲನ್ನು ಮೇಜಿನ ಮೇಲಿಟ್ಟರು. ಅಲ್ಲೇ ಸತ್ತವನ ದಪ್ಪ ನೋಟ್‌ಪುಸ್ತಕ ತೆರೆದು ಬಿದ್ದಿತ್ತು. ಜಗತ್ತಿನ ದೀಪಸ್ತಂಭಗಳ ಚರಿತ್ರೆಯನ್ನು ಅವನು ಇಪ್ಪತ್ತು ವರ್ಷದಿಂದ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದ. ಬೆಳಗಿನಿಂದ ಇನ್ಸ್‌ಪೆಕ್ಟರ್ ಅದನ್ನು ಮೂರು ಸಲ ತಿರುವಿ ಹಾಕಿದ್ದರು.

"ಎಡ್ಡಿಸ್ಟೋನ್ ಅಂತ ಒಂದು ದೀಪಸ್ತಂಭ. ಬೆಂಕಿ ಬಿದ್ದಾಗ ತೊಂಬತ್ನಾಲ್ಕು ವರ್ಷದ ದೀಪಗಾರ ಬಾಯಿ ತೆರೆದು ಮೇಲೆ ನೋಡಿದನಂತೆ. ಚಾವಣಿಯ ಸೀಸ ಕರಗಿ ಗಂಟಲಿಗೆ ಇಳಿಯಿತು. ಹನ್ನೆರಡು ದಿನ ಬದುಕಿದ್ದ."

"ಊಟದ ಹೊತ್ತಲ್ಲಿ ಬೇಡಿ ಸಾರ್."

"ಇದನ್ನ ಕೇಳು. ಸ್ಮಾಲ್ಸ್ ಅನ್ನೋ ಬಂಡೆ. ಇಬ್ಬರೇ ದೀಪಗಾರರು, ಇಬ್ಬರಿಗೂ ಜಗಳ ಅಂತ ಊರಿಗೆಲ್ಲ ಗೊತ್ತು. ಒಬ್ಬ ತಾನಾಗಿ ಸತ್ತ. ಸಮುದ್ರಕ್ಕೆ ಹಾಕಿದ್ರೆ ನೀನೇ ಕೊಂದೆ ಅಂತಾರೆ ಅಂತ ಇನ್ನೊಬ್ಬ ಹೆಣವನ್ನ ಪೆಟ್ಟಿಗೆಗೆ ಹಾಕಿ ಹೊರಗೆ ಕಟ್ಟಿದ. ಬಿರುಗಾಳಿಗೆ ಪೆಟ್ಟಿಗೆ ಒಡೆದು ಸತ್ತವನ ಕೈ ಹೊರಗೆ ಜೋತು ಬಿತ್ತು, ಕರೆಯೋ ಹಾಗೆ ಆಡ್ತಿತ್ತು. ಅಷ್ಟು ದಿನವೂ ಅವನು ದೀಪ ಆರಿಸಲಿಲ್ಲ. ಕೆಳಗೆ ಬಂದಾಗ ಅವನ ಗುರುತೇ ಸಿಗಲಿಲ್ಲವಂತೆ. ಆಮೇಲಿಂದ ಅಲ್ಲಿ ಮೂವರನ್ನ ಇಡೋ ರೂಢಿ ಬಂತು. ಇಬ್ಬರಿಗೆ ಒಬ್ಬ ಸಾಕ್ಷಿ ಇರಲಿ ಅಂತ."

"ಇಲ್ಲಿ ಮೂರನೆಯವರು?"

"ಮೂರನೆಯವನ ಜಾಗ ಖಾಲಿ ಬಿದ್ದು ಎರಡು ವರ್ಷ ಆಯ್ತು. ಆದ್ರೂ ನಿನ್ನೆ ಸಂಜೆ ಇಲ್ಲಿ ಮೂರನೆಯವರು ಒಬ್ಬರಿದ್ರು." ಇನ್ಸ್‌ಪೆಕ್ಟರ್ ಪುಸ್ತಕದ ಮೊದಲ ಹಾಳೆಗೆ ಬಂದರು. "ಅಲೆಕ್ಸಾಂಡ್ರಿಯಾದ ಹಳೇ ದೀಪಸ್ತಂಭ. ಕಟ್ಟಿದ ಶಿಲ್ಪಿ ತನ್ನ ಹೆಸರು ಕಲ್ಲಲ್ಲಿ ಕೊರೆದು, ಮೇಲೆ ಗಾರೆ ಮೆತ್ತಿ, ಗಾರೆ ಮೇಲೆ ರಾಜನ ಹೆಸರು ಬರೆದನಂತೆ. ಗಾರೆ ಉದುರಿದ ದಿನ ನಿಜವಾದ ಹೆಸರು ಕಾಣ್ತು. ಈಗ ಆ ಗೋಡೆ ನೋಡು. ಸುಣ್ಣದವನಿಗೆ ಕೊಟ್ಟ ಕೆಲಸ ಹೊರಗೋಡೆದು. ಕೋಣೆಯೊಳಗೆ, ಮೆಟ್ಟಿಲ ಬಾಗಿಲ ಪಕ್ಕ, ತಟ್ಟೆಯಗಲ ಮಾತ್ರ ಹಸಿ ಸುಣ್ಣ ಯಾಕೆ?"

ದಫೇದಾರ ಚಾಕು ತೆಗೆದ. ಸುಣ್ಣ ಇನ್ನೂ ಪೂರ್ತಿ ಆರಿರಲಿಲ್ಲ, ಹಾಲಿನ ಕೆನೆಯಂತೆ ಬಂತು. ಅದರಡಿ ಕಂದು ಬಣ್ಣದಲ್ಲಿ ಒಂದು ಅಂಗೈ, ಐದು ಬೆರಳು. ಯಾರೋ ಬೀಳುವಾಗ ಗೋಡೆ ಹಿಡಿದುಕೊಂಡ ಹಾಗೆ.

ಇನ್ಸ್‌ಪೆಕ್ಟರ್ ತಮ್ಮ ಅಂಗೈಯನ್ನು ಅದರ ಎದುರು ಹಿಡಿದರು. ಗೋಡೆಯ ಕೈ ಒಂದು ಗೆಣ್ಣಿನಷ್ಟು ಚಿಕ್ಕದು.

"ಹೆಂಗಸಿನ ಕೈ," ಎಂದ ದಫೇದಾರ. ಧ್ವನಿ ಇಳಿದಿತ್ತು. "ಬೆಳಿಗ್ಗೆ ಬಂದು ನೋಡಿ, ಗುರುತು ಹಿಡಿದು, ಅವನೇ ಸುಣ್ಣ ಬಳಿದಿದ್ದಾನೆ. ಹೆಂಡತಿದು ಅಂತ."

"ಅದಕ್ಕೇ ಅವನು ಬೆಳಗಿನಿಂದ ಬಾಯಿ ಬಿಟ್ಟಿಲ್ಲ. ಅವನಿಗೆ ಏನಾದ್ರೂ ಕೊಟ್ಟೆಯಾ ಕುಡಿಯೋಕೆ?"

"ನೀರು ಕೇಳ್ತಿದ್ದ. ವ್ಯವಸ್ಥೆ ಮಾಡೇ ಬಂದಿದ್ದೀನಿ ಸಾರ್."

ಕಿಟಕಿಯ ಹೊರಗೆ ಬೆಳಕು ಬಣ್ಣ ಬದಲಿಸಿತು. ಕಡಲಿನಿಂದ ಮಂಜು ಎದ್ದು, ತೊಳೆದು ಹಿಂಡದೆ ಹರವಿದ ಬಟ್ಟೆಯಂತೆ ಬಂಡೆಯ ಮೇಲೆ ಬಿದ್ದಿತ್ತು. ದಡ ಮರೆಯಾಯಿತು. ದಡದ ಜನರೂ ಮರೆಯಾದರು. ಅವರ ಗದ್ದಲ ಮಾತ್ರ ಉಳಿಯಿತು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಕಿರಿಯ ದೀಪಗಾರ ಒಳಗೆ ಬಂದ. ಐವತ್ತೈದು ದಾಟಿದ, ಮೆದು ಮಾತಿನ ಮನುಷ್ಯ. ಸತ್ತವನ ಹೆಂಡತಿಯ ತಮ್ಮ. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ನೋಡಲು ಸಣಕಲು, ಆದರೆ ಮೂವತ್ತು ವರ್ಷ ಹ್ಯಾಂಡಲ್ ತಿರುಗಿಸಿದ ತೋಳು ಅಂಗಿಯೊಳಗೆ ಹಗ್ಗದಂತೆ ಹುರಿಗೊಂಡಿತ್ತು. ಬಲಗೈಗೆ ಬೆರಳ ತುದಿಯವರೆಗೂ ಬಿಳಿ ಬಟ್ಟೆ. ನೂರ ಎಂಬತ್ತೆರಡು ಮೆಟ್ಟಿಲು ಹತ್ತಿದ್ದರೂ ಉಸಿರು ಏರಿರಲಿಲ್ಲ.

"ಸಾರ್, ಮಂಜು ಇಳೀತಿದೆ. ಗಂಟೆ ಶುರು ಮಾಡ್ಬೇಕು. ಗುಂಡು ಬುಡದಲ್ಲಿದೆ, ಹ್ಯಾಂಡಲ್ ಕೊಡಿ."

"ಕೊಡ್ತೀನಿ. ಎರಡು ಮಾತು ಕೇಳ್ಬೇಕಿತ್ತು."

"ಆಮೇಲೆ ಕೇಳಿ ಸಾರ್. ದೂರದ ಬಂದರಿಂದ ಜನ ತರೋ ಹಡಗು ಬರೋ ಹೊತ್ತು. ಕಮ್ಮಿ ಅಂದ್ರೂ ನೂರೈವತ್ತು ಜನ ಇರ್ತಾರೆ."

"ಬೇಗ ಮುಗಿಸ್ತೀನಿ. ನಿನ್ನೆ ರಾತ್ರಿ ಎಲ್ಲಿದ್ರಿ?"

"ಕೆಳಗೆ ಮನೇಲಿ. ಎಣ್ಣೆ ಒಲೆ ಭಗ್ ಅಂದು ಕೈ ಸುಟ್ಕೊಂಡೆ. 'ನೀನು ಮಲ್ಕೋ, ಪೂರ್ತಿ ರಾತ್ರಿ ನಾನೇ ನೋಡ್ಕೋತೀನಿ' ಅಂತ ಭಾವ ಅಂ...ದ್ರು."

ಎಳೆದ ರಾಗ. ಇನ್ಸ್‌ಪೆಕ್ಟರ್ ಅದನ್ನು ಕೇಳಿಸಿಕೊಂಡರು.

"ನಿಮ್ಮ ಭಾವ ಎಂಟಕ್ಕೆ ಮೊದಲೇ ಹೋಗಿದ್ದಾರೆ. ದೀಪ ಬೆಳಗಿನವರೆಗೂ ತಿರುಗಿದೆ."

"ಹಾಗಾದ್ರೆ ಆ ಸುಣ್ಣದವನೇ ತಿರುಗಿಸಿರ್ಬೇಕು. ಅನುಮಾನ ಬರದಿರಲಿ ಅಂತ."

"ಅವನಿಗೆ ಬರುತ್ತಾ?"

"ಹ್ಯಾಂಡಲ್ ತಿರುಗಿಸೋದೇನು ಬ್ರಹ್ಮವಿದ್ಯೆಯಾ ಸಾರ್. ಯಾರು ಬೇಕಾದ್ರೂ ತಿರುಗಿಸ್ತಾರೆ."

"ಹೌದಾ." ಇನ್ಸ್‌ಪೆಕ್ಟರ್ ಹ್ಯಾಂಡಲನ್ನು ಎತ್ತಿ ಚಾಚಿದರು. "ದಫೇದಾರ, ನೀನು ತಿರುಗಿಸು. ಅವರ ಕೈ ಸುಟ್ಟಿದೆ."

ದಫೇದಾರ ತೋಳು ಮಡಚಿ ಶುರು ಮಾಡಿದ. ಹತ್ತು ಸುತ್ತಿಗೆ ಬೆವರಿದ, ಇಪ್ಪತ್ತಕ್ಕೆ ದೇವರನ್ನು ನೆನೆದ. ಮೂವತ್ತನೆಯದಕ್ಕೆ ಕೈ ಬದಲಿಸಲು ಒಂದು ಗಳಿಗೆ ಹಿಡಿತ ಬಿಟ್ಟ. ಅಷ್ಟೇ ಸಾಕಾಯಿತು. ಅರ್ಧ ದಾರಿಗೂ ಬಾರದ ಗುಂಡು ಹಗ್ಗವನ್ನು ಹಿಂದಕ್ಕೆ ಜಗ್ಗಿತು, ಕಬ್ಬಿಣದ ಹ್ಯಾಂಡಲ್ ಗಿರ್ರನೆ ತಿರುಗಿ ಅವನ ದವಡೆಗೆ ಬಡಿಯಿತು. ತೆಂಗಿನಕಾಯಿ ಒಡೆದ ಸದ್ದು. ದಫೇದಾರ ಗೋಡೆಗೆ ಹೋಗಿ ಬಿದ್ದ. ಬಾಯಿಂದ ರಕ್ತ ಅಂಗಿಯ ಮೇಲೆ ಸುರಿಯಿತು. ಕೊಳವೆಯೊಳಗೆ ಗುಂಡು ಬುಡಕ್ಕೆ ಅಪ್ಪಳಿಸಿ ಇಡೀ ಗೋಪುರ ನಡುಗಿತು. ಹೊರಗಿನ ಗಂಟೆ ಎರಡು ಸಲ ಸೊಟ್ಟಗೆ ಬಡಿದು ನಿಂತಿತು.

ಆ ಮೌನದಲ್ಲಿ ಮಂಜಿನೊಳಗಿಂದ ಒಂದು ಹಡಗು ಕೂಗಿತು. ದೂರದಲ್ಲಿ, ದಾರಿ ತಪ್ಪಿದ ದನದ ಹಾಗೆ.

ಕಿರಿಯ ದೀಪಗಾರನ ಮುಖ ನೋಡುತ್ತಿದ್ದ ಇನ್ಸ್‌ಪೆಕ್ಟರ್ ಕದಲಲಿಲ್ಲ.

ಹಡಗು ಇನ್ನೊಮ್ಮೆ ಕೂಗಿತು.

ಅವನು ದಫೇದಾರನನ್ನು ದಾಟಿಕೊಂಡು ಹಾರಿದ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದ. ಒಂದು, ಎರಡು, ಮೂರು, ನಾಲ್ಕು. ತೋಳಿನಿಂದಲ್ಲ, ಸೊಂಟದಿಂದ ತಿರುಗಿಸುತ್ತಿದ್ದ. ಹತ್ತು ಸುತ್ತಿಗೊಂದು ಉಸಿರು, ಪದ್ಯದ ಪಾದಕ್ಕೊಂದು ಉಸಿರಿನ ಹಾಗೆ. ಅವನ ತುಟಿ ಎಣಿಸುತ್ತಿತ್ತು, ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಜೊತೆಗೂಡಿದರು. ಅರವತ್ತಕ್ಕೆ ಬಟ್ಟೆ ಸಡಿಲಿತು. ತೊಂಬತ್ತಕ್ಕೆ ಬಿಚ್ಚಿಕೊಂಡು ಮೊಣಕೈಯಿಂದ ಜೋತಾಡಿತು. ನೂರ ಇಪ್ಪತ್ತಕ್ಕೆ ಅವನು ನಿಲ್ಲಿಸಿ, ಬ್ರೇಕಿನ ಸಲಾಕೆ ಬಿಟ್ಟ.

ಢಣ್.

ಐದು ಎಣಿಸುವಷ್ಟರಲ್ಲಿ ಇನ್ನೊಂದು. ಢಣ್.

ಆಮೇಲೆ ಅವನು ತನ್ನ ಕೈಯನ್ನು ಕಂಡ. ಬೆಂಕಿಯ ಗುಳ್ಳೆ ಒಂದೂ ಇರಲಿಲ್ಲ. ಹೆಬ್ಬೆರಳ ಬುಡದಲ್ಲಿ, ಅಂಗೈಯ ಈ ಕಡೆ ಆ ಕಡೆ, ಎರಡು ಅರೆಚಂದ್ರದ ಸಾಲು. ಮಾಂಸ ಎದ್ದು ಬಂದಷ್ಟು ಆಳ.

"ಬೆಂಕಿಗೆ ಹಲ್ಲಿರಲ್ಲ," ಎಂದರು ಇನ್ಸ್‌ಪೆಕ್ಟರ್.

ಢಣ್.

"ನಾನೇ," ಎಂದ ಅವನು, ಸಮಾಧಾನವಾಗಿ, ಬಹಳ ಹೊತ್ತಿನಿಂದ ಬಾಯಿಪಾಠ ಮಾಡಿಟ್ಟುಕೊಂಡವನ ಹಾಗೆ. "ಭಾವನ್ನ ನಾನೇ ಹೊಡೆದೆ. ಒದ್ದಾಡುವಾಗ ಕಚ್ಚಿದ್ರು. ಬರ್ಕೊಳ್ಳಿ. ಆ ಸುಣ್ಣದವನನ್ನ ಬಿಟ್ಬಿಡಿ."

ಇನ್ಸ್‌ಪೆಕ್ಟರ್ ಮೇಜಿನ ಮೇಲಿನ ಬಟ್ಟಲನ್ನು ಒಂದು ಗೇಣು ಮುಂದೆ ಸರಿಸಿದರು. ನೀರು ತುಳುಕಿತು. ಹಲ್ಲು ಅಲುಗಾಡಿ ಮತ್ತೆ ನಕ್ಕವು.

"ಆರಕ್ಕೆ ತೆಗೆದಿಟ್ಟದ್ದು," ಎಂದರು. "ನಿಮ್ಮ ಭಾವ ಯಾವ ಹಲ್ಲಲ್ಲಿ ಕಚ್ಚಿದ್ರು?"

ಅವನ ಕಣ್ಣು ಗೋಡೆಯ ಕಡೆ ಹೋಯಿತು. ಕೆರೆದ ಸುಣ್ಣ, ಕಂದು ಕೈ. ಯಂತ್ರಕ್ಕೆ ಒರಗಿದ.

"ಊರಿಗೆ ಅವರು ದೀಪದಪ್ಪ," ಎಂದ. "ದೀಪದ ಬುಡದಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತಲ್ಲ ಸಾರ್. ನನ್ನ ಅಕ್ಕನ ಕೈ ಎರಡು ಸಲ ಮುರಿದ್ರು. ಮಗಳದ್ದು ಒಂದ್ಸಲ. ಹೋದ ವರ್ಷ ಅವಳಿಗೆ ಐದು ತಿಂಗಳಾಗಿತ್ತು. ಮೆಟ್ಟಿಲಿಂದ ಬಿದ್ದು ಹೋಯ್ತು ಅಂತ ಊರಿಗೆಲ್ಲ ಹೇಳಿದವನು ನಾನೇ."

"ನೀವು ನೋಡಿದ್ರಿ."

"ನಾನು ಕೀಲಿ ಕೊಡ್ತಿದ್ದೆ ಸಾರ್. ಅರವತ್ತೋ ಎಪ್ಪತ್ತೋ ಸುತ್ತಾಗಿತ್ತು. ನಡುವೆ ಬಿಟ್ರೆ ದೀಪ ನಿಲ್ಲುತ್ತೆ." ಅವನು ಅಂಗೈ ನೋಡಿಕೊಂಡ. "ನೂರ ಇಪ್ಪತ್ತು ಮುಗಿಸಿ ಹೋಗೋಷ್ಟರಲ್ಲಿ ಮುಗಿದಿತ್ತು."

ನೆಲದ ಮೇಲೆ ಕೂತಿದ್ದ ದಫೇದಾರ ಬಾಯಿಗೆ ಒತ್ತಿದ್ದ ಟವೆಲನ್ನು ತೆಗೆದು ಅವನನ್ನೇ ನೋಡಿದ.

"ನಿನ್ನೆ?"

"ಈಗ ಮತ್ತೆ ನಾಲ್ಕು ತಿಂಗಳು. ಗಂಡನ್ನ ಕರ್ಕೊಂಡು ಈ ಬಂಡೆ ಬಿಟ್ಟು ಹೋಗ್ತೀನಿ ಅಂತ ಹೇಳೋಕೆ ಊಟದ ತಟ್ಟೆ ಹಿಡ್ಕೊಂಡು ಹತ್ತಿ ಬಂದ್ಲು. ಭಾವ ಹ್ಯಾಂಡಲ್ ಎತ್ತಿ ಅವಳ ಹೊಟ್ಟೆಗೇ ಬೀಸಿದ್ರು. ತಪ್ಪಿಸ್ಕೊಂಡು, ಕಿತ್ಕೊಂಡು, ಅವಳೇ ಹೊಡೆದ್ಲು. ನಾನು ಓಡಿ ಬಂದು ಹಿಂದಿನಿಂದ ಹಿಡ್ಕೊಂಡೆ. ಯಾರು ಅಂತಲೂ ನೋಡದೆ ಕಚ್ಚಿದ್ಲು."

"ಎಷ್ಟನೇ ಏಟಿಗೆ ಹಿಡ್ಕೊಂಡ್ರಿ?"

"ಮೂರಕ್ಕೆ."

"ಆಮೇಲೆ?"

"ಆಮೇಲೆ ಅವಳನ್ನ ಕೆಳಗೆ ಕಳಿಸ್ದೆ. ಬೆಳಿಗ್ಗೆ, ಮೆಟ್ಟಿಲಿಂದ ಬಿದ್ರು ಅಂದ್ರಾಯ್ತು ಅಂದ್ಕೊಂಡಿದ್ದೆ. ಅಷ್ಟರಲ್ಲಿ ಆ ಹುಡುಗ ಎದ್ದು ಹತ್ತಿ ಬಂದು ಹೆಣ ಎತ್ತಿ ಮೈಯೆಲ್ಲ ರಕ್ತ ಮಾಡ್ಕೊಂಡ. ಸಂಜೆ ಲಾಂಚಿಗೆ ನಾನೇ ಹೋಗಿ ಒಪ್ಕೋತೀನಿ, ಅಲ್ಲೀವರೆಗೂ ಬಾಯಿ ಬಿಡಬೇಡ ಅಂತ ಅವಳ ಹತ್ರ ಆಣೆ ಮಾಡಿಸ್ಕೊಂಡಿದ್ದೀನಿ."

"ಅವಳು ಇಳಿದ ಮೇಲೆ ನಿಮ್ಮ ಭಾವ?"

"ಹೋಗಿ ನೋಡ್ದೆ ಸಾರ್. ಜೀವ ಹೋ...ಗಿತ್ತು."

ಮತ್ತೆ ರಾಗ.

ಮೂರು ಏಟು, ಎಂದುಕೊಂಡರು ಇನ್ಸ್‌ಪೆಕ್ಟರ್. ಭುಜಕ್ಕೆ, ಕಿವಿಗೆ, ಕೆನ್ನೆಗೆ. ಇನ್ನೆರಡು ನೆತ್ತಿಗೆ, ಒಂದೇ ಜಾಗಕ್ಕೆ. ಕೇಳಬೇಕೆಂದು ಬಾಯಿ ತೆರೆದರು.

ಹೊರಗೆ ಬಂದೂಕು ಹಾರಿತು.

ಒಂದೇ ಗುಂಡು. ಆಮೇಲೆ ಇನ್ನೂರು ಗಂಟಲು ಒಟ್ಟಿಗೆ ಎದ್ದವು. ನೀರು ಇಳಿದಿತ್ತು. ಮರಳ ದಾರಿ ತೆರೆದಿತ್ತು.

"ದಫೇದಾರ, ಎಣ್ಣೆ ಕೋಣೆ ಬೀಗದ ಕೈ ತಗೊಂಡು ನನ್ನ ಹಿಂದೆ ಬಾ."

ದಫೇದಾರ ಎದ್ದ. ಸೊಂಟಪಟ್ಟಿ ತಡಕಿದ. ಒಡೆದ ಬಾಯಿಂದ ಮಾತು ಮೆಲ್ಲಗೆ ಬಂತು. "ಅದು ಅವನ ಹೆಂಡತಿ ಹತ್ರ ಕೊಟ್ಟು ಬಂದೆ ಸಾರ್. ನೀರು ಕುಡಿಸ್ತೀನಿ ಅಂತ ಅತ್ಲು. ನನ್ನ ಮಗಳ ವಯಸ್ಸು."

"ಓಡು," ಎಂದರು ಇನ್ಸ್‌ಪೆಕ್ಟರ್.

ದಫೇದಾರ ಓಡಿದ. ಹತ್ತುವಾಗ ಇಲ್ಲದ ಕಾಲು ಇಳಿಯುವಾಗ ಬಂದಿತ್ತು.

ಇನ್ಸ್‌ಪೆಕ್ಟರ್ ಯಂತ್ರದ ಪಕ್ಕದ ಕಿಟಕಿಯಿಂದ ಬಗ್ಗಿದರು. ಮಂಜು ಒಂದು ಕಡೆ ಹರಿದಿತ್ತು. ಆ ಹರಕಿನಲ್ಲಿ ಮರಳ ದಾರಿ ಕಂಡಿತು. ಆ ತುದಿಯಿಂದ ಹುಟ್ಟುಗಳ ಕಾಡು ನಡೆದು ಬರುತ್ತಿತ್ತು. ಪೇದೆ ಕೆಳಗೆ ಬಿದ್ದಿದ್ದ, ಅವನನ್ನು ಯಾರೋ ಒದೆಯುತ್ತಿದ್ದರು. ಈ ತುದಿಯಿಂದ ಒಬ್ಬನೇ ಒಬ್ಬ, ಪಕ್ಕೆ ಹಿಡಿದುಕೊಂಡು, ಕುಂಟುತ್ತ, ಗುಂಪಿನ ಕಡೆಗೇ ಹೋಗುತ್ತಿದ್ದ. ಸುಣ್ಣದವನು. ಓಡಿಹೋಗಲೆಂದು ಹೆಂಡತಿ ಬೀಗ ತೆಗೆದಿದ್ದಳು. ಅವನು ಸಾಯಲೆಂದು ಹೊರಟಿದ್ದ. ಅವನು ಸತ್ತರೆ ಇನ್ನಾರೂ ಸುಣ್ಣ ಕೆರೆಯುವುದಿಲ್ಲ.

ಅವಳು ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಅಂಗಿ ಹರಿಯಿತು. ಅವಳು ಮುಂದೆ ಓಡಿ, ಗುಂಪಿಗೂ ಗಂಡನಿಗೂ ನಡುವೆ ನಿಂತು, ಎದೆ ಬಡಿದುಕೊಂಡು ಏನೋ ಕೂಗಿದಳು.

ಢಣ್.

ಮತ್ತೆ ಕೂಗಿದಳು.

ಢಣ್.

ಯಾರಿಗೂ ಕೇಳಲಿಲ್ಲ. ಮುಂದಿನವನು ಅವಳನ್ನು ಬದಿಗೆ ತಳ್ಳಿದ. ಮೊದಲ ಹುಟ್ಟು ಮೇಲೆದ್ದು ಸುಣ್ಣದವನ ಹೆಗಲಿಗೆ ಬಿತ್ತು. ಅವನು ಮೊಣಕಾಲೂರಿದ. ಎರಡನೆಯದು ಬೆನ್ನಿಗೆ. ಅವನು ಕೈ ಅಡ್ಡ ತರಲಿಲ್ಲ.

"ಗಂಟೆ ನಿಲ್ಲಿಸಿ," ಎಂದರು ಇನ್ಸ್‌ಪೆಕ್ಟರ್.

ಕಿರಿಯ ದೀಪಗಾರನ ಕೈ ಬ್ರೇಕಿನ ಸಲಾಕೆಯ ಮೇಲಿತ್ತು. ಕಿಟಕಿಯಲ್ಲಿ ಅವನೂ ಎಲ್ಲವನ್ನೂ ಕಂಡಿದ್ದ.  ಇನ್ನೊಂದು ಕಡೆಯಿಂದ, ಬಿಳಿ ಕತ್ತಲೆಯೊಳಗಿಂದ, ಹಡಗು ಕೂಗಿತು. ಮೊದಲಿಗಿಂತ ಹತ್ತಿರ.

"ನೂರೈವತ್ತು ಜನ ಸಾರ್. ಆ ಗುಂಪಿನಲ್ಲಿರೋರ ಮನೆಯವರೇ ಅರ್ಧ ಇರ್ತಾರೆ. ಬಂಡೆ ಎಲ್ಲಿದೆ ಅಂತ ಅವರಿಗೆ ಗೊತ್ತಾಗೋದು ಇದರಿಂದಲೇ."

"ಹತ್ತು ಏಟಿನಷ್ಟು ಹೊತ್ತು. ಅವಳ ಮಾತು ಅವರಿಗೆ ಕೇಳಲಿ."

"ಮೂವತ್ತು ವರ್ಷದಲ್ಲಿ ಒಂದ್ಸಲವೂ ನಿಲ್ಲಿಸಿಲ್ಲ. ಹೋದ ವರ್ಷವೂ ನಿಲ್ಲಿಸಲಿಲ್ಲ." ಅವನು ಇನ್ಸ್‌ಪೆಕ್ಟರ ಮುಖ ನೋಡಿದ. "ನನ್ನ ಕೈಯಿಂದ ಆಗಲ್ಲ ಸಾರ್."

ಇನ್ಸ್‌ಪೆಕ್ಟರ್ ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು. ಕಚ್ಚಿದ ಗಾಯ ಬಿಸಿಯಾಗಿ, ಅಂಟಂಟಾಗಿ ತಾಗಿತು. ಒಂದು ಗಳಿಗೆ ಕಣ್ಣು ಮುಚ್ಚಿದರು. ಅಜ್ಜ ಪದ್ಯ ಮುಗಿಸಿ ಪುಸ್ತಕ ಕಟ್ಟುವಾಗ ಹೇಳುತ್ತಿದ್ದ ಒಂದು ನಾಮ ತುಟಿಗೆ ಬಂತು. ಸಲಾಕೆಯನ್ನು ಎಳೆದರು.

ಒಂದು. ಎರಡು. ಮೂರು. ನಾಲ್ಕು. ಐದು.

ಗಂಟೆ ಬಡಿಯಲಿಲ್ಲ.

ಎಷ್ಟೋ ವರ್ಷದಿಂದ ಮಂಜಿನಲ್ಲಿ ಆ ಸದ್ದನ್ನೇ ಉಸಿರಾಡಿ ಬೆಳೆದ ಗುಂಪು ನಿಂತಲ್ಲೇ ನಿಂತು ಗೋಪುರದ ಕಡೆ ತಲೆ ಎತ್ತಿತು. ಮೂರನೆಯ ಹುಟ್ಟು ಗಾಳಿಯಲ್ಲೇ ಉಳಿಯಿತು. ಆ ಮೌನದಲ್ಲಿ ಅವಳ ದನಿ ತೊಳೆದ ಹಾಗೆ ಮೇಲೇರಿ ಬಂತು.

"ಹೊಡೆದದ್ದು ನಾನು. ಅವನಲ್ಲ. ನನ್ನ ಮಗೂನ ಉಳಿಸ್ಕೊಳ್ಳೋಕೆ ನಾನೇ ಹೊಡೆದೆ. ಆದ್ರೆ ಕೊಂದಿಲ್ಲ. ನಾನು ಮೆಟ್ಟಿಲು ಇಳಿಯೋವಾಗ ಅಪ್ಪ ಎದ್ದು ಕೂತಿದ್ದ. ನನ್ನ ಸೋದರಮಾವನ ಹತ್ರ ನೀರು ಕೇಳ್ತಿದ್ದ."

ಇನ್ಸ್‌ಪೆಕ್ಟರ ಅಂಗೈಯ ಕೆಳಗೆ ಸಲಾಕೆ ತಣ್ಣಗಿತ್ತು. ಅಲ್ಲಿದ್ದ ಕೈ ಯಾವಾಗ ಜಾರಿಹೋಯಿತೋ ಅವರಿಗೆ ತಿಳಿಯಲಿಲ್ಲ. ಯಂತ್ರದ ಕಡೆ ಕಣ್ಣು ಹೊರಳಿಸಿದರು. ಹ್ಯಾಂಡಲ್ ಹಾಕುವ ಚೌಕ ತೂತು ಖಾಲಿಯಾಗಿತ್ತು.

ಬೆನ್ನ ಹಿಂದೆ, ಎರಡೇ ಹೆಜ್ಜೆ ದೂರದಲ್ಲಿ, ಹತ್ತು ಸುತ್ತಿಗೊಂದರಂತೆ ಎಳೆದು ಪಳಗಿದ ಉಸಿರು.

ಆಗ ಹಡಗು ಕೂಗಿತು. ಈ ಸಲ ದೂರದಿಂದಲ್ಲ, ಗೋಪುರದ ಬುಡದಿಂದಲೇ.